ಬೆರಳಿನ ಗೆರೆಗೆ ಲೆಕ್ಕ ಬರೆದ ಖಾಝಿ ಅಝೀಝುಲ್ ಹಕ್

ಬೆಳಗಾವಿಯಿಂದ ಗೋವಾ ದಿಕ್ಕಿಗೆ ಸುಮಾರು 25 ಕಿಲೋಮೀಟರ್ ಹೋದರೆ ಖಾನಾಪುರ. ಮಡಕೆ, ಹೆಂಚಿಗೆ ಹೆಸರಾದ ಊರು. ರಾಜ್ಯದ ಪೊಲೀಸ್ ತರಬೇತಿ ಶಾಲೆಗಳಲ್ಲಿ ಒಂದು ಇರುವುದು ಇಲ್ಲಿಯೇ. ಹೊಸದಾಗಿ ಆಯ್ಕೆಯಾದ ಕಾನ್‌ಸ್ಟೇಬಲ್‌ಗಳು ಇಲ್ಲಿ ತಿಂಗಳುಗಟ್ಟಲೆ ಕವಾಯತು ಮಾಡಿ, ಕಾನೂನು ಓದಿ, ಆಮೇಲೆ ಬೇರೆ ಬೇರೆ ಊರಿನ ಠಾಣೆಗಳಿಗೆ ಹೋಗುತ್ತಾರೆ. ಇತ್ತ ಬೆಳಗಾವಿ ನಗರದಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಉಂಟು. ಠಾಣೆಯವರು ಸ್ಥಳದಿಂದ ಹೆಕ್ಕಿ ತಂದ ರಕ್ತದ ಕಲೆ, ವಿಷದ ಅಂಶ, ಬಟ್ಟೆಯ ಚೂರು ಇಂಥ ಪ್ರಯೋಗಾಲಯಗಳಿಗೆ ಹೋಗಿ ವರದಿಯಾಗಿ ಕೋರ್ಟಿಗೆ ಬರುತ್ತದೆ.

ಪೊಲೀಸ್ ತರಬೇತಿ ಅಂದ ಮೇಲೆ ಬೆರಳಚ್ಚಿನ ಪಾಠ ಇರಲೇಬೇಕು. ಆ ಪಾಠದಲ್ಲಿ ಬರುವ ಹೆಸರು ಹೆನ್ರಿ ಪದ್ಧತಿ. ಸರ್ ಎಡ್ವರ್ಡ್ ಹೆನ್ರಿ ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದವರು, ಆಮೇಲೆ ಲಂಡನ್ ಪೊಲೀಸರಿಗೆ ಕಮಿಷನರ್ ಆದವರು. ಆದರೆ ಆ ಪದ್ಧತಿಯ ಒಳಗಿನ ಗಣಿತ ಬರೆದದ್ದು ಹೆನ್ರಿಯ ಕೈಕೆಳಗೆ ಸಬ್ ಇನ್‌ಸ್ಪೆಕ್ಟರ್ ಆಗಿದ್ದ ಇಪ್ಪತ್ತರ ಹರೆಯದ ಒಬ್ಬ ಬಂಗಾಳಿ ಮುಸ್ಲಿಂ ಯುವಕ. ಅವರೇ ಖಾನ್ ಬಹಾದುರ್ ಖಾಝಿ ಅಝೀಝುಲ್ ಹಕ್. ಬೆರಳಿನ ಗುರುತಿನಿಂದ ಮನುಷ್ಯನ ಹೆಸರು ಹುಡುಕುವ ದಾರಿಯನ್ನು ಜಗತ್ತಿಗೆ ತೋರಿಸಿದವರ ಹೆಸರು ಆ ಪದ್ಧತಿಯ ಮೇಲೆ ಇಲ್ಲ.

ಮನೆ ಬಿಟ್ಟ ಹುಡುಗ

ಹಕ್ ಹುಟ್ಟಿದ್ದು 1872ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿದ ಖುಲ್ನಾ ಜಿಲ್ಲೆಯ ಪೈಗ್ರಾಮ್ ಕಸ್ಬಾ ಎಂಬ ಹಳ್ಳಿಯಲ್ಲಿ. ನದಿ, ಕಾಲುವೆ, ದೋಣಿಗಳ ನಾಡು ಅದು. ಹುಡುಗ ಚಿಕ್ಕವನಿರುವಾಗಲೇ ತಂದೆ ತಾಯಿ ದೋಣಿ ದುರಂತದಲ್ಲಿ ತೀರಿಕೊಂಡರು. ಯತೀಮ್ ಆದ ಮಗುವನ್ನು ಸಾಕುವ ಹೊಣೆ ಅಣ್ಣನ ಮೇಲೆ ಬಿತ್ತು. ಮನೆಯಲ್ಲಿ ಬಡತನ. ಹುಡುಗನಿಗೋ ಹೊಟ್ಟೆ ತುಂಬ ತಿನ್ನುವ ಆಸೆ. ಕುಟುಂಬದವರು ಹೇಳಿಕೊಂಡು ಬಂದ ಪ್ರಕಾರ, ಪಾಲಿಗಿಂತ ಹೆಚ್ಚು ಊಟ ಮಾಡಿದ ಅಂತ ಅಣ್ಣ ಒಂದು ದಿನ ಹೊಡೆದ. ಆ ಪೆಟ್ಟಿಗೆ ಮನನೊಂದು, 12ನೇ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು ಕಲ್ಕತ್ತೆಗೆ ಓಡಿದ.

ದೊಡ್ಡ ನಗರದಲ್ಲಿ ಗುರುತಿಲ್ಲದ ಹುಡುಗನನ್ನು ಒಂದು ಕುಟುಂಬ ಮನೆಗೆ ಸೇರಿಸಿಕೊಂಡಿತು. ಲೆಕ್ಕದಲ್ಲಿ ಅವನ ಚುರುಕು ನೋಡಿ ಓದಿಗೂ ದಾರಿ ಮಾಡಿಕೊಟ್ಟಿತು. ಯತೀಮ್ ಮಗುವಿನ ತಲೆ ನೇವರಿಸುವುದು ಎಷ್ಟು ದೊಡ್ಡ ಪುಣ್ಯದ ಕೆಲಸ ಎಂದು ನಮ್ಮ ಮದ್ರಸಗಳಲ್ಲಿ ಕಲಿಸುತ್ತಾರಲ್ಲ, ಆ ಕುಟುಂಬ ಮಾಡಿದ್ದು ಅದನ್ನೇ. ಹುಡುಗ ಓದುತ್ತಾ ಓದುತ್ತಾ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದ. ಆ ಕಾಲದಲ್ಲಿ ಅದು ದೇಶದ ಮುಂಚೂಣಿಯ ಕಾಲೇಜುಗಳಲ್ಲಿ ಒಂದು. ಅಲ್ಲಿ ಗಣಿತ ಮತ್ತು ವಿಜ್ಞಾನ ಅವನ ವಿಷಯ.

ಬಂಗಾಳ ಪೊಲೀಸ್ ಮುಖ್ಯಸ್ಥ ಹೆನ್ರಿಗೆ ಆಗ ಒಬ್ಬ ಲೆಕ್ಕದ ಜಾಣ ಬೇಕಾಗಿತ್ತು. ಸಂಖ್ಯಾಶಾಸ್ತ್ರದಲ್ಲಿ ಗಟ್ಟಿಯಾದ ಒಬ್ಬ ವಿದ್ಯಾರ್ಥಿಯನ್ನು ಕೊಡಿ ಎಂದು ಕಾಲೇಜಿನ ಪ್ರಿನ್ಸಿಪಾಲರನ್ನು ಕೇಳಿದರು. ಪ್ರಿನ್ಸಿಪಾಲರು ತೋರಿಸಿದ್ದು ಅಝೀಝುಲ್ ಹಕ್‌ರನ್ನು. 1892ರಲ್ಲಿ ಹಕ್ ಸಬ್ ಇನ್‌ಸ್ಪೆಕ್ಟರ್ ಆಗಿ ಪೊಲೀಸ್ ಇಲಾಖೆ ಸೇರಿದರು. ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಕೆಲಸ ಅಲ್ಲ. ಅವರ ಪಾಲಿಗೆ ಬಂದದ್ದು ಕಾಗದದ ರಾಶಿ.

ಪೊಲೀಸರಿಗೆ ಗಣಿತ ಯಾಕೆ ಬೇಕಾಯಿತು?

ಇದು ಅರ್ಥವಾಗಬೇಕಾದರೆ ಆ ಕಾಲದ ತೊಂದರೆ ತಿಳಿಯಬೇಕು. ಒಬ್ಬ ಕಳ್ಳ ಒಂದು ಜಿಲ್ಲೆಯಲ್ಲಿ ಜೈಲು ಮುಗಿಸಿ ಇನ್ನೊಂದು ಜಿಲ್ಲೆಗೆ ಹೋಗಿ ಬೇರೆ ಹೆಸರು ಹೇಳಿದರೆ ಅವನು ಯಾರೆಂದು ಗೊತ್ತಾಗುವುದು ಹೇಗೆ? ಫೋಟೋ ಇಟ್ಟರೆ ಗಡ್ಡ ಬಿಟ್ಟು ಮುಖ ಬದಲಾಯಿಸುತ್ತಾನೆ. ಪ್ಯಾರಿಸ್ ಪೊಲೀಸ್ ಕಚೇರಿಯ ಗುಮಾಸ್ತ ಅಲ್ಫೋನ್ಸ್ ಬರ್ಟಿಲೋನ್ 1879ರಲ್ಲಿ ಒಂದು ಉಪಾಯ ಹುಡುಕಿದರು. ದೊಡ್ಡವರಾದ ಮೇಲೆ ಮೂಳೆಯ ಅಳತೆ ಬದಲಾಗುವುದಿಲ್ಲ. ಆದ್ದರಿಂದ ತಲೆಯ ಉದ್ದ, ಅಗಲ, ನಡುಬೆರಳು, ಪಾದ, ಮೊಣಕೈ ಹೀಗೆ ಹಲವು ಅಳತೆ ತೆಗೆದು ಕಾರ್ಡಿನಲ್ಲಿ ಬರೆದಿಡುವುದು. ಬಂಗಾಳವೂ ಈ ದೇಹ ಅಳತೆ ಪದ್ಧತಿಯನ್ನು ತಂದಿತು.

ಆದರೆ ದರ್ಜಿಯಂಗಡಿಗೆ ಹೋದವರಿಗೆ ಗೊತ್ತು, ಒಬ್ಬರ ಟೇಪಿನ ಅಳತೆ ಇನ್ನೊಬ್ಬರಿಗೆ ಕೂಡಿ ಬರುವುದಿಲ್ಲ. ಒಬ್ಬ ಪೊಲೀಸ್ ಬಿಗಿಯಾಗಿ ಹಿಡಿದರೆ ಇನ್ನೊಬ್ಬ ಸಡಿಲ ಹಿಡಿಯುತ್ತಾನೆ. ಸ್ವಲ್ಪ ವ್ಯತ್ಯಾಸ ಬಂದರೂ ಕಾರ್ಡು ಬೇರೆ ಖಾನೆಗೆ ಹೋಗುತ್ತದೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಬೆರಳಿನ ಗೆರೆಗೆ ಈ ಸಮಸ್ಯೆ ಇಲ್ಲ. ತಾಯಿಯ ಹೊಟ್ಟೆಯಲ್ಲೇ ಮೂಡಿದ ಗೆರೆ ಸಾಯುವ ತನಕ ಅದೇ. ಅವಳಿ ಮಕ್ಕಳಲ್ಲೂ ಬೇರೆ ಬೇರೆ. ಇದರ ಉಪಯೋಗವೂ ಬಂಗಾಳಕ್ಕೆ ಹೊಸದಾಗಿರಲಿಲ್ಲ. 1858ರಲ್ಲಿ ಹೂಗ್ಲಿ ಕಡೆ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರರಿಂದ ಕರಾರು ಪತ್ರದ ಮೇಲೆ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡಿದ್ದರು. 1880ರಲ್ಲಿ ಜಪಾನಿನಲ್ಲಿದ್ದ ವೈದ್ಯ ಹೆನ್ರಿ ಫೋಲ್ಡ್ಸ್, ಬೆರಳಚ್ಚಿನಿಂದ ಅಪರಾಧಿಯನ್ನು ಹಿಡಿಯಬಹುದು ಎಂದು ಬರೆದರು. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಈ ವಿಷಯದ ಮೇಲೆ ಪುಸ್ತಕವನ್ನೇ ಪ್ರಕಟಿಸಿದರು. ಅದೇ ವರ್ಷ ಅರ್ಜೆಂಟೀನಾದಲ್ಲಿ ಹುವಾನ್ ವುಸೆಟಿಚ್ ಅವರ ಪದ್ಧತಿಯಿಂದ ಕೊಲೆ ಪ್ರಕರಣವೊಂದು ಬಯಲಾಯಿತು.

ಹಾಗಾದರೆ ಉಳಿದ ಕೆಲಸ ಏನು? ಹುಡುಕುವ ಕೆಲಸ. ಎದುರಿಗೆ ಎರಡು ಅಚ್ಚು ಇಟ್ಟರೆ ಹೋಲಿಸಬಹುದು. ಲಕ್ಷ ಕಾರ್ಡುಗಳ ನಡುವೆ ಈ ಒಬ್ಬನ ಕಾರ್ಡು ಎಲ್ಲಿದೆ ಅಂತ ಹೇಗೆ ತಿಳಿಯುವುದು? ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಂಬರ್ ಇಲ್ಲದಿದ್ದರೆ ಪುಸ್ತಕ ಇದ್ದೂ ಇಲ್ಲದ ಹಾಗೆ. ಗಾಲ್ಟನ್ ಮಾಡಿದ ವಿಂಗಡಣೆ ಸಾವಿರಾರು ಕಾರ್ಡು ಬಂದಾಗ ಸಾಲುತ್ತಿರಲಿಲ್ಲ. ಹಕ್ ಕೈ ಹಾಕಿದ್ದು ಇಲ್ಲಿಗೆ.

1,024 ಖಾನೆಗಳ ಲೆಕ್ಕ

ಓದುಗರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಳ್ಳಿ. ಬೆರಳ ತುದಿಯಲ್ಲಿ ಸಾಮಾನ್ಯವಾಗಿ ಮೂರು ಥರದ ಚಿತ್ರ ಕಾಣುತ್ತದೆ. ನೀರಿನ ಸುಳಿಯ ಹಾಗೆ ಸುತ್ತಿಕೊಂಡದ್ದು ಸುಳಿ. ಒಂದು ಕಡೆಯಿಂದ ಬಂದು ತಿರುಗಿ ಅದೇ ಕಡೆಗೆ ಹೋದದ್ದು ಕುಣಿಕೆ. ಗುಡ್ಡದ ಹಾಗೆ ಏರಿ ಇಳಿದದ್ದು ಕಮಾನು. ಹಕ್ ಅವರ ಲೆಕ್ಕದಲ್ಲಿ ಕಮಾನನ್ನು ಕುಣಿಕೆಯ ಜೊತೆಗೇ ಸೇರಿಸಿದರು. ಅಲ್ಲಿಗೆ ಪ್ರಶ್ನೆ ಒಂದೇ ಉಳಿಯಿತು: ಈ ಬೆರಳಲ್ಲಿ ಸುಳಿ ಉಂಟೋ, ಇಲ್ಲವೋ?

ಬಲಗೈ ಹೆಬ್ಬೆರಳಿನಿಂದ ಕಿರುಬೆರಳಿನ ತನಕ 1ರಿಂದ 5, ಎಡಗೈ ಹೆಬ್ಬೆರಳಿನಿಂದ ಕಿರುಬೆರಳಿನ ತನಕ 6ರಿಂದ 10 ಎಂದು ನಂಬರ್. ಎರಡೆರಡು ಬೆರಳಿಗೆ ಒಂದು ಜೋಡಿ. ಮೊದಲ ಜೋಡಿಯಲ್ಲಿ ಸುಳಿ ಇದ್ದರೆ ಬೆಲೆ 16, ಎರಡನೇ ಜೋಡಿಗೆ 8, ಆಮೇಲೆ 4, 2, ಕೊನೆಯ ಜೋಡಿಗೆ 1. ಸುಳಿ ಇಲ್ಲದ ಬೆರಳಿಗೆ ಸೊನ್ನೆ. ಸಮ ಸಂಖ್ಯೆಯ ಬೆರಳುಗಳ ಬೆಲೆ ಕೂಡಿಸಿ ಅದಕ್ಕೆ 1 ಸೇರಿಸಿ ಮೇಲೆ ಬರೆಯಬೇಕು. ಬೆಸ ಸಂಖ್ಯೆಯ ಬೆರಳುಗಳದ್ದು ಕೂಡಿಸಿ 1 ಸೇರಿಸಿ ಕೆಳಗೆ ಬರೆಯಬೇಕು.

ಒಂದು ಉದಾಹರಣೆ. ಒಬ್ಬನಿಗೆ ಬಲಗೈ ತೋರುಬೆರಳು ಮತ್ತು ಎಡಗೈ ಹೆಬ್ಬೆರಳಿನಲ್ಲಿ ಮಾತ್ರ ಸುಳಿ ಉಂಟು ಅಂತ ಇಟ್ಟುಕೊಳ್ಳಿ. ಅವು 2 ಮತ್ತು 6ನೇ ಬೆರಳು, ಎರಡೂ ಸಮ ಸಂಖ್ಯೆ. ಬೆಲೆ 16 ಮತ್ತು 4. ಒಟ್ಟು 20, ಒಂದು ಸೇರಿಸಿದರೆ 21. ಬೆಸ ಬೆರಳುಗಳಲ್ಲಿ ಸುಳಿಯೇ ಇಲ್ಲ, ಆದ್ದರಿಂದ ಕೆಳಗೆ 1. ಅವನ ಖಾನೆ 21/1. ಹತ್ತು ಬೆರಳಲ್ಲಿ ಒಂದೂ ಸುಳಿ ಇಲ್ಲದವನಿಗೆ 1/1, ಹತ್ತರಲ್ಲೂ ಸುಳಿ ಇದ್ದವನಿಗೆ 32/32. ಮೇಲೆ 32 ಬಗೆ, ಕೆಳಗೆ 32 ಬಗೆ, ಒಟ್ಟು 1,024 ಖಾನೆ. ಗೋಡೆಗೆ 32 ಅಡ್ಡ, 32 ಉದ್ದ ಗೂಡುಗಳ ಕಪಾಟು ಮಾಡಿಸಿದರೆ ಸಾಕು. ಕಾರ್ಡು ನೇರವಾಗಿ ತನ್ನ ಗೂಡಿಗೆ ಹೋಗಿ ಕೂರುತ್ತದೆ.

ಇದರ ಚಂದ ಇರುವುದು ಸರಳತೆಯಲ್ಲಿ. ಅಳತೆ ತೆಗೆಯುವ ಸಲಕರಣೆ ಬೇಡ. ಮಸಿ, ಕಾಗದ, ಕೂಡುವ ಲೆಕ್ಕ ಗೊತ್ತಿದ್ದರೆ ಆಯಿತು. ಉಂಟು, ಇಲ್ಲ ಎಂಬ ಎರಡೇ ಉತ್ತರದ ಮೇಲೆ, ಒಂದರ ದುಪ್ಪಟ್ಟು ಇನ್ನೊಂದು ಎಂಬ ಬೆಲೆಯ ಮೇಲೆ ಕಟ್ಟಿದ ಲೆಕ್ಕ ಇದು. ಇಂದಿನ ಕಂಪ್ಯೂಟರ್ ಲೆಕ್ಕ ಮಾಡುವುದೂ ಸೊನ್ನೆ, ಒಂದು ಎಂಬ ಎರಡರ ಮೇಲೆಯೇ.

ಹಕ್ ಒಬ್ಬರೇ ಇದನ್ನು ಮಾಡಿದ್ದಲ್ಲ ಎಂಬುದನ್ನೂ ಹೇಳಬೇಕು. ಜೊತೆಗೆ ಹೇಮಚಂದ್ರ ಬೋಸ್ ಎಂಬ ಇನ್ನೊಬ್ಬ ಸಬ್ ಇನ್‌ಸ್ಪೆಕ್ಟರ್ ಇದ್ದರು. ಒಂದೇ ಖಾನೆಯಲ್ಲಿ ಕಾರ್ಡು ರಾಶಿ ಬಿದ್ದಾಗ ಅದನ್ನು ಮತ್ತೆ ಒಡೆಯುವ ಉಪವಿಂಗಡಣೆಗೆ, ಬೆರಳಚ್ಚಿನ ವಿವರವನ್ನು ತಂತಿಯ ಮೂಲಕ ದೂರದ ಊರಿಗೆ ಕಳಿಸುವ ಸಂಕೇತಕ್ಕೆ ಬೋಸ್ ಹೆಸರಾದವರು. ಒಬ್ಬ ಖಾಝಿ, ಒಬ್ಬ ಬೋಸ್ ಒಂದೇ ಕೋಣೆಯಲ್ಲಿ ಕೂತು ಮಾಡಿದ ಕೆಲಸ ಇದು.

1897ರಲ್ಲಿ ಸರ್ಕಾರ ಒಂದು ಸಮಿತಿ ನೇಮಿಸಿತು. ಅದು ಹಳೆಯ ಅಳತೆ ಪದ್ಧತಿಯನ್ನೂ ಹೊಸ ಬೆರಳಚ್ಚು ಪದ್ಧತಿಯನ್ನೂ ತೂಗಿ ನೋಡಿ ಬೆರಳಚ್ಚಿಗೆ ಮತ ಹಾಕಿತು. ಅದೇ ವರ್ಷ ಜೂನ್ 12ರಂದು ವರದಿಗೆ ಗವರ್ನರ್ ಜನರಲ್ ಮಂಡಳಿಯ ಒಪ್ಪಿಗೆ ಸಿಕ್ಕಿತು. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್‌ನಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಲಂಡನ್‌ನ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಅಂಥ ಬ್ಯೂರೋ ಬಂದದ್ದು 1901ರ ಜುಲೈ 1ರಂದು, ನಾಲ್ಕು ವರ್ಷ ಕಳೆದ ಮೇಲೆ.

ರಕ್ತ ಮೆತ್ತಿದ ಪಂಚಾಂಗ

ಹೊಸ ವಿದ್ಯೆಗೆ ಪರೀಕ್ಷೆಯೂ ಬೇಗ ಬಂತು. ಜಲ್ಪಾಯ್ಗುಡಿ ಜಿಲ್ಲೆಯ ಚಹಾ ತೋಟದ ಮ್ಯಾನೇಜರನ ಕೊಲೆಯಾಗಿತ್ತು. ಪೆಟ್ಟಿಗೆ ಒಡೆದು ಹಣ ಕದ್ದಿದ್ದರು. ಅಡುಗೆಯವನಿಂದ ಹಿಡಿದು ಹಲವರ ಮೇಲೆ ಅನುಮಾನ. ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಕಲೆಯೊಂದಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಬೆರಳಿನ ಗೆರೆ. ಕಲ್ಕತ್ತೆಯ ಬ್ಯೂರೋದಲ್ಲಿ ಹುಡುಕಿದಾಗ ಅದು ಕಂಗಾಲಿ ಚರಣ್ ಎಂಬವನ ಬಲ ಹೆಬ್ಬೆರಳಿಗೆ ಹೊಂದಿತು. ಆತ ಅದೇ ಮ್ಯಾನೇಜರನ ಹಳೆಯ ಆಳು, ಹಿಂದೆ ಕಳ್ಳತನಕ್ಕೆ ಜೈಲು ಕಂಡವನು.

1898ರಲ್ಲಿ ನ್ಯಾಯಾಲಯ ಕೊಟ್ಟ ತೀರ್ಪನ್ನು ಇವತ್ತೂ ಓದಬೇಕು. ಕಳ್ಳತನಕ್ಕೆ ಶಿಕ್ಷೆ ಆಯಿತು. ಕೊಲೆಯ ಆರೋಪದಿಂದ ಬಿಡುಗಡೆಯಾಯಿತು. ಬೆರಳಚ್ಚು ಹೇಳುವುದು ಅವನ ಕೈ ಆ ಪಂಚಾಂಗವನ್ನು ಮುಟ್ಟಿತು ಎಂದಷ್ಟೇ. ಕತ್ತಿ ಹಿಡಿದದ್ದು ಯಾರು ಎಂದು ಪಂಚಾಂಗ ಹೇಳುವುದಿಲ್ಲ. ಅಷ್ಟು ಹೊಸ ವಿದ್ಯೆಯ ಎದುರು ಕೂಡ ನ್ಯಾಯಾಧೀಶರು ಮೈಮರೆಯಲಿಲ್ಲ. ಮರುವರ್ಷ, 1899ರಲ್ಲಿ, ಭಾರತೀಯ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ಬಂದು ಬೆರಳಚ್ಚಿನ ಬಗ್ಗೆ ತಜ್ಞರ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ಜಾಗ ಸಿಕ್ಕಿತು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಖಾನಾಪುರದ ಕೋರ್ಟುಗಳಿಗೂ ಅದೇ ಕಾನೂನು.

ಹೆಸರು ಯಾರದ್ದು?

1900ರಲ್ಲಿ ಹೆನ್ರಿ ಬೆರಳಚ್ಚಿನ ವಿಂಗಡಣೆ ಮತ್ತು ಉಪಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಹಕ್ ಹೆಸರಿಗೂ ಬೋಸ್ ಹೆಸರಿಗೂ ಸಿಗಬೇಕಾದ ಜಾಗ ಸಿಗಲಿಲ್ಲ. ಹೆನ್ರಿ ಲಂಡನ್‌ಗೆ ಹೋದರು, 1903ರಲ್ಲಿ ಅಲ್ಲಿನ ಪೊಲೀಸ್ ಕಮಿಷನರ್ ಆದರು, ಪದವಿಗಳು ಬಂದವು. ಜಗತ್ತಿನ ದೇಶ ದೇಶಗಳಲ್ಲಿ ಆ ಪದ್ಧತಿ ಹೆನ್ರಿ ಹೆಸರಿನಲ್ಲೇ ಹಬ್ಬಿತು. ಹೆನ್ರಿಯ ಪಾತ್ರ ಸಣ್ಣದಲ್ಲ. ಕೆಲಸ ಗುರುತಿಸಿದ್ದು, ಜನ ಒದಗಿಸಿದ್ದು, ಸರ್ಕಾರವನ್ನು ಒಪ್ಪಿಸಿದ್ದು ಅವರೇ. ಆದರೆ ಮನೆ ಕಟ್ಟಿಸಿದ ಯಜಮಾನನ ಹೆಸರು ಬಾಗಿಲ ಮೇಲೆ ಇರುತ್ತದೆ, ಕಲ್ಲು ಕೆತ್ತಿದವನನ್ನು ಯಾರೂ ಕೇಳುವುದಿಲ್ಲ ಎಂಬ ಹಾಗಾಯಿತು.

ಹಕ್ ಬಂಗಾಳದಲ್ಲೇ ದುಡಿಯುತ್ತಾ ಇದ್ದರು. 1912ರಲ್ಲಿ ಬಿಹಾರ, ಒರಿಸ್ಸಾ ಬೇರೆ ಪ್ರಾಂತ್ಯವಾದಾಗ ಅವರು ಬಿಹಾರದ ಪೊಲೀಸ್ ಸೇವೆಗೆ ಹೋದರು. 1913ರಲ್ಲಿ ಖಾನ್ ಸಾಹಿಬ್, 1924ರಲ್ಲಿ ಖಾನ್ ಬಹಾದುರ್ ಪದವಿ ಬಂತು. ಸೂಪರಿಂಟೆಂಡೆಂಟ್ ದರ್ಜೆಗೆ ಏರಿ ನಿವೃತ್ತರಾದರು. ಆದರೆ ಮನಸ್ಸಿನಲ್ಲಿ ಒಂದು ಕೊರಗು ಉಳಿದಿತ್ತು. ಅವರು ಸುಮ್ಮನೆ ಕೂರಲಿಲ್ಲ. ತನ್ನ ಕೆಲಸಕ್ಕೆ ಮನ್ನಣೆ ಬೇಕು ಎಂದು ಸರ್ಕಾರಕ್ಕೆ ಬರೆದರು. ಪ್ರಾಂತೀಯ ಸರ್ಕಾರ ಅವರ ಪರವಾಗಿ ಮೇಲಕ್ಕೆ ಶಿಫಾರಸು ಮಾಡಿತು. 5,000 ರೂಪಾಯಿ ಗೌರವಧನ ಬಂತು. ಆ ಕಾಲಕ್ಕೆ ಸಣ್ಣ ಮೊತ್ತವಲ್ಲ.

ಕೊನೆಗೆ ಸ್ವತಃ ಹೆನ್ರಿ, 1926ರಲ್ಲಿ ಬರೆದ ಪತ್ರದಲ್ಲಿ, ತನ್ನ ಸಿಬ್ಬಂದಿಯಲ್ಲಿ ಬೇರೆ ಯಾರಿಗಿಂತಲೂ ಹೆಚ್ಚು ಈ ವಿಂಗಡಣೆಯನ್ನು ಪೂರ್ಣಗೊಳಿಸಲು ದುಡಿದವರು ಹಕ್ ಎಂದು ಒಪ್ಪಿಕೊಂಡರು. ಪುಸ್ತಕ ಬಂದು 26 ವರ್ಷ ಆಗಿತ್ತು. ಪತ್ರ ಕಡತದಲ್ಲಿ ಉಳಿಯಿತು, ಪುಸ್ತಕ ಜಗತ್ತನ್ನೆಲ್ಲ ಸುತ್ತಿತು.

ನಿವೃತ್ತಿಯ ನಂತರ ಹಕ್ ಸಾಹೇಬರು ಬಿಹಾರದ ಚಂಪಾರಣ್ ಸೀಮೆಯ ಮೋತಿಹಾರಿಯಲ್ಲಿ ನೆಲೆ ನಿಂತರು. 1935ರಲ್ಲಿ ಅಲ್ಲೇ ಅಲ್ಲಾಹನ ಕರೆಗೆ ಓಗೊಟ್ಟರು. ಅವರ ಕಬರ್ ಇರುವುದೂ ಅಲ್ಲಿಯೇ. ಬಹಳ ಕಾಲದ ಮೇಲೆ ಬ್ರಿಟನ್ನಿನ ಫಿಂಗರ್‌ಪ್ರಿಂಟ್ ಸೊಸೈಟಿ ಹಕ್ ಮತ್ತು ಬೋಸ್ ಇಬ್ಬರ ಹೆಸರಿನಲ್ಲಿ ಒಂದು ಪ್ರಶಸ್ತಿ ಇಟ್ಟಿತು.

ಒಂದೇ ಮಸಿ, ಎರಡು ಮುಖ

ಹಕ್ ಅವರ ಲೆಕ್ಕ ಒಳ್ಳೆಯವರ ಕೈಯಲ್ಲಿ ಒಳ್ಳೆಯದು ಮಾಡಿತು, ಬೇರೆಯವರ ಕೈಯಲ್ಲಿ ಬೇರೆಯದೂ ಮಾಡಿತು. ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಗುರುತಿಸಿತ್ತು. 1911ರ ಕಾಯ್ದೆಯಲ್ಲಿ ಅಂಥ ಸಮುದಾಯದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯುವ ಅಧಿಕಾರ ಇತ್ತು. ನಮ್ಮ ಉತ್ತರ ಕರ್ನಾಟಕದ ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಅವರನ್ನು ತಂತಿ ಬೇಲಿಯೊಳಗೆ ಇಟ್ಟ ಸೆಟ್ಲ್‌ಮೆಂಟ್‌ಗಳಿದ್ದವು. ಹುಬ್ಬಳ್ಳಿ, ಗದಗದಲ್ಲಿ ಆ ಹೆಸರಿನ ಬಡಾವಣೆ ಈಗಲೂ ಉಂಟು. 1952ರಲ್ಲಿ ಕಾಯ್ದೆ ರದ್ದಾಯಿತು. ತಪ್ಪು ಮಾಡಿದವನನ್ನು ಹುಡುಕಲು ಹುಟ್ಟಿದ ವಿದ್ಯೆಯನ್ನು ತಪ್ಪೇ ಮಾಡದ ಮಗುವಿನ ಮೇಲೂ ಹೊರಿಸಿದ ಕಾಲ ಅದು.

ಇನ್ನೊಂದು ಘಟನೆ ತೀರಾ ಹತ್ತಿರದ್ದು. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟವಾಗಿ 190ಕ್ಕೂ ಹೆಚ್ಚು ಜನ ಸತ್ತರು. ಡಿಟೋನೇಟರ್ ಇದ್ದ ಚೀಲದ ಮೇಲಿನ ಬೆರಳಚ್ಚು, ಅಮೆರಿಕದ ಒರೆಗಾನ್ ರಾಜ್ಯದ ವಕೀಲ ಬ್ರಾಂಡನ್ ಮೇಫೀಲ್ಡ್ ಅವರದ್ದು ಎಂದು ಎಫ್‌ಬಿಐ ಹೇಳಿತು. ಅವರು ಇಸ್ಲಾಂ ಸ್ವೀಕರಿಸಿದವರು. ಸ್ಪೇನಿನ ಪೊಲೀಸರು ಇದು ಹೊಂದುವುದಿಲ್ಲ ಎಂದು ಮೊದಲೇ ತಿಳಿಸಿದ್ದರೂ ಅವರನ್ನು ಬಂಧಿಸಿ ಎರಡು ವಾರ ಒಳಗಿಟ್ಟರು. ಆಮೇಲೆ ಅಚ್ಚು ಅಲ್ಜೀರಿಯದ ಬೇರೊಬ್ಬನದ್ದು ಎಂದು ಸ್ಪೇನ್ ಪತ್ತೆ ಹಚ್ಚಿತು. ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಮೊದಲ ತಪ್ಪಿಗೆ ಕಾರಣ ಅವರ ಧರ್ಮ ಅಲ್ಲ, ಎರಡು ಅಚ್ಚುಗಳ ನಡುವಿನ ಹೋಲಿಕೆ ಎಂದು ಅಲ್ಲಿನ ಸರ್ಕಾರಿ ತನಿಖೆ ಹೇಳಿತು. ಆದರೆ ಸಂಶಯ ಬಂದ ಮೇಲೂ ಮರಳಿ ನೋಡದೇ ಇದ್ದುದರಲ್ಲಿ ಧರ್ಮದ ಪಾಲೂ ಇದ್ದಿರಬಹುದು ಎಂದಿತು.

ಬೆರಳಿನ ಗೆರೆಗೆ ಜಾತಿ ಧರ್ಮ ಇಲ್ಲ. 21/1 ಎಂಬ ಖಾನೆಯಲ್ಲಿ ಯಾರು ಬೇಕಾದರೂ ಇರಬಹುದು. ಆದರೆ ಗೆರೆ ಓದುವ ಕಣ್ಣು ಮನುಷ್ಯನದ್ದು. ಆ ಕಣ್ಣು ಮೊದಲೇ ಹೆಸರು ನೋಡಿಕೊಂಡು ಬಂದರೆ ವಿಜ್ಞಾನವೂ ಸುಳ್ಳು ಹೇಳುತ್ತದೆ.

ಅಂಗಿ ಹರಿದದ್ದು ಯಾವ ಕಡೆಯಿಂದ?

ಈ ಮಾತು ನಮಗೆ ಹೊಸದಲ್ಲ. ಸೂರಃ ಯೂಸುಫ್‌ನಲ್ಲಿ ಪ್ರವಾದಿ ಯೂಸುಫ್ (ಅ) ಅವರ ಮೇಲೆ ಆರೋಪ ಬಂದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಒಂದು ಕಡೆ ಮನೆಯೊಡತಿಯ ಮಾತು, ಇನ್ನೊಂದು ಕಡೆ ಪರದೇಶದಿಂದ ಬಂದ ಗುಲಾಮನ ಮಾತು. ದೊಡ್ಡವರ ಮಾತನ್ನು ನಂಬಿ ತೀರ್ಪು ಕೊಡಬಹುದಿತ್ತು. ಆದರೆ ಅಂಗಿ ನೋಡೋಣ ಎಂಬ ಸಲಹೆ ಬಂತು. ಮುಂದಿನಿಂದ ಹರಿದಿದ್ದರೆ ತಪ್ಪು ಯೂಸುಫರದ್ದು, ಹಿಂದಿನಿಂದ ಹರಿದಿದ್ದರೆ ಅವರು ಓಡಿಹೋಗುತ್ತಿದ್ದರು ಎಂದರ್ಥ. ಅಂಗಿ ಹಿಂದಿನಿಂದ ಹರಿದಿತ್ತು. ಯಾರು ಹೇಳಿದರು ಎಂಬುದಕ್ಕಿಂತ ವಸ್ತು ಏನು ಹೇಳುತ್ತದೆ ಎಂದು ನೋಡುವುದೇ ವಿಧಿವಿಜ್ಞಾನದ ಅಡಿಪಾಯ. ಬ್ಯಾರಿ ಮನೆಗಳಲ್ಲಿ ಬಾಯಿಪಾಠ ಇರುವ ಯಾಸೀನ್‌ನಲ್ಲೂ, ಬಾಯಿಗೆ ಮುದ್ರೆ ಬಿದ್ದ ದಿನ ಕೈಗಳು ಮಾತಾಡುತ್ತವೆ, ಕಾಲುಗಳು ಸಾಕ್ಷಿ ನುಡಿಯುತ್ತವೆ ಎಂಬ ಎಚ್ಚರಿಕೆ ಉಂಟು.

ಈ ಅಡಿಪಾಯ ನಮ್ಮ ಸುತ್ತ ದಿನವೂ ಕೆಲಸಕ್ಕೆ ಬರುತ್ತದೆ. ಬೆಳಗಾವಿಯಿಂದ ಖಾನಾಪುರ, ಲೋಂಡಾ ಕಡೆಗೆ ರೈಲು ಹಳಿ ಉಂಟು. ಯಾವುದೇ ಹಳಿಯ ಮೇಲೆ ಒಂದು ಶವ ಸಿಕ್ಕಿದರೆ ಮೊದಲ ಪ್ರಶ್ನೆ, ರೈಲಿಗೆ ಸಿಕ್ಕಿ ಸತ್ತದ್ದೋ, ಸತ್ತ ಮೇಲೆ ತಂದು ಹಾಕಿದ್ದೋ ಎಂದು. ಜೀವ ಇರುವಾಗ ಆದ ಗಾಯದಲ್ಲಿ ರಕ್ತ ಸುತ್ತಲಿನ ಮಾಂಸಕ್ಕೆ ಇಳಿದಿರುತ್ತದೆ. ಸತ್ತ ಮೇಲೆ ಆದ ಗಾಯದಲ್ಲಿ ಹಾಗಿರುವುದಿಲ್ಲ. ಹರಿತವಾದ ಆಯುಧದ ಗಾಯದ ಅಂಚು ಬೇರೆ, ಚಕ್ರಕ್ಕೆ ಸಿಕ್ಕಿ ಜಜ್ಜಿದ್ದು ಬೇರೆ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ಇದನ್ನು ಸರಿಯಾಗಿ ನೋಡಿ ಬರೆದರೆ ಆಕಸ್ಮಿಕ ಎಂದು ಮುಚ್ಚಿಹೋಗುವ ಕಡತ ತೆರೆದುಕೊಳ್ಳುತ್ತದೆ. ಮಗನನ್ನು ಕಳೆದುಕೊಂಡ ಉಮ್ಮನ ಕೈಯಲ್ಲಿ ಹಣ ಇಲ್ಲ, ಹೇಳಿಸುವವರಿಲ್ಲ. ಅವಳ ಪರವಾಗಿ ಮಾತಾಡಲು ಉಳಿಯುವುದು ಆ ಒಂದು ವರದಿ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ. ಇದಕ್ಕೆ ತಯಾರಾಗಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಇದೆ. ಇನ್ನೊಂದು ಕಡೆ 2022ರ ಗುರುತು ಕಾಯ್ದೆ, ಪೊಲೀಸರು ತೆಗೆದ ಬೆರಳಚ್ಚು ಮತ್ತಿತರ ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಅಂದರೆ ಈ ವಿದ್ಯೆ ಬಲ್ಲವರ ಅಗತ್ಯ ಹೆಚ್ಚುತ್ತದೆ, ಅದನ್ನು ಪ್ರಶ್ನಿಸಬಲ್ಲವರ ಅಗತ್ಯ ಇನ್ನೂ ಹೆಚ್ಚುತ್ತದೆ.

ನಮ್ಮ ಮಕ್ಕಳು ಎಲ್ಲಿದ್ದಾರೆ?

ಬ್ಯಾರಿ ಸಮುದಾಯದ ಹಿರಿಯರಲ್ಲಿ ಹೆಬ್ಬೆಟ್ಟು ಒತ್ತಿ ಬದುಕಿದವರು ಬಹಳ. ಹೆಬ್ಬೆಟ್ಟು ಅನ್ನುವುದೇ ಬೈಗುಳದ ಮಾತಾಗಿತ್ತು. ಇವತ್ತು ಓದಿದವರು, ಓದದವರು ಎಲ್ಲರೂ ಬೆರಳು ಒತ್ತುತ್ತಾರೆ. ಆಧಾರ್‌ಗೆ, ರೇಷನ್ ಅಂಗಡಿಯಲ್ಲಿ, ಸಿಮ್ ತೆಗೆದುಕೊಳ್ಳಲು, ಗಲ್ಫಿನ ವೀಸಾಕ್ಕೆ ಬೆರಳು ಬೇಕು. ಕರಾವಳಿಯಲ್ಲೂ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲೂ ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸರ ಬೆರಳ ಗೆರೆ ಸವೆದು ಹೋಗಿರುತ್ತದೆ, ಯಂತ್ರ ಓದುವುದಿಲ್ಲ. ಜೀವನವಿಡೀ ದುಡಿದ ಕೈಯೇ ನೀನು ನೀನಲ್ಲ ಎಂದು ಹೇಳಿಸಿಕೊಂಡು ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬರುವುದು ಎಂಥ ಅನ್ಯಾಯ! ಇಂಥ ಯಂತ್ರ ತಯಾರಿಸುವ, ನಿಯಮ ಬರೆಯುವ ಕೋಣೆಯಲ್ಲಿ ಬೀಡಿ ಕಟ್ಟುವ ಉಮ್ಮನ ಮಗಳು ಒಬ್ಬಳು ಕೂತಿದ್ದರೆ ಈ ಪ್ರಶ್ನೆ ಮೊದಲೇ ಬರುತ್ತಿತ್ತು.

ದೂರ ಹೋಗಬೇಕೆಂದಿಲ್ಲ. ಬೆಳಗಾವಿಯ ಪಕ್ಕದ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ಬಂದಿದೆ. ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಗಲ್ಫ್ ಎಂಬ ಲೆಕ್ಕ ಹಾಕುವ ಮನೆಗಳಲ್ಲಿ ಇದರ ಬಗ್ಗೆಯೂ ಮಾತಾಗಲಿ. ಪಿಯುಸಿಯಲ್ಲಿ ವಿಜ್ಞಾನ ಓದುವ ಹುಡುಗಿಯರಿಗೆ, ಗಣಿತ ಚೆನ್ನಾಗಿ ಬರುವ ಹುಡುಗರಿಗೆ ಇದು ಒಳ್ಳೆಯ ದಾರಿ. ಪೊಲೀಸ್ ಕೆಲಸ ನಮಗಲ್ಲ ಎಂದು ದೂರ ನಿಲ್ಲುವುದೂ ಬೇಡ. ಖಾನಾಪುರದಂಥ ತರಬೇತಿ ಶಾಲೆಯ ಸಾಲಿನಲ್ಲಿ ನಮ್ಮ ಮಕ್ಕಳೂ ನಿಲ್ಲಬೇಕು. ಗೆರೆ ಓದುವ ಕಣ್ಣುಗಳಲ್ಲಿ ಎಲ್ಲ ಸಮುದಾಯದ ಕಣ್ಣೂ ಇದ್ದರೆ ತಪ್ಪು ಓದುವುದು ಕಡಿಮೆಯಾಗುತ್ತದೆ.

ಹಕ್ ಸಾಹೇಬರ ಬದುಕಿನಿಂದ ಕಲಿಯಬೇಕಾದ್ದು ಇನ್ನೊಂದುಂಟು. ಕೆಲಸ ಮಾಡಿದರೆ ಸಾಲದು, ಮಾಡಿದ್ದನ್ನು ದಾಖಲೆಯಲ್ಲಿ ಇಡಬೇಕು, ಹಕ್ಕು ಕೇಳಬೇಕು. ಅವರು ಕೇಳಿದ್ದರಿಂದಲೇ ಆ ಪತ್ರ ಬಂತು, ಶಿಫಾರಸು ಬಂತು, ಇವತ್ತು ಅವರ ಹೆಸರು ಹೇಳಲು ನಮಗೆ ಆಧಾರ ಸಿಕ್ಕಿತು. ಸುಮ್ಮನಿದ್ದಿದ್ದರೆ ಮೋತಿಹಾರಿಯ ಮಣ್ಣಿನಲ್ಲಿ ಹೆಸರೂ ಮುಗಿದುಹೋಗುತ್ತಿತ್ತು. ನಮ್ಮ ಜಮಾಅತ್‌ಗಳಲ್ಲಿ, ಶಾಲೆಗಳಲ್ಲಿ, ಸಂಘಗಳಲ್ಲಿ ಹಿಂದಿನವರು ಮಾಡಿದ ಕೆಲಸ ಎಷ್ಟೋ ಉಂಟು, ಬರೆದಿಟ್ಟದ್ದು ಬಹಳ ಕಡಿಮೆ.

ಹೊಟ್ಟೆಗೆ ಸಾಲದೆ ಪೆಟ್ಟು ತಿಂದು ಮನೆ ಬಿಟ್ಟ ಯತೀಮ್ ಹುಡುಗನೊಬ್ಬ, ಮನುಷ್ಯನ ಕೈಯಲ್ಲಿ ಸೃಷ್ಟಿಕರ್ತ ಬರೆದ ಗೆರೆಗಳನ್ನು ಓದುವ ಕ್ರಮವನ್ನು ಜಗತ್ತಿಗೆ ಕೊಟ್ಟು ಹೋದ. ಅದರಿಂದ ಎಷ್ಟು ಅಪರಾಧಿಗಳು ಸಿಕ್ಕಿಬಿದ್ದರೋ, ಎಷ್ಟು ನಿರಪರಾಧಿಗಳು ಮನೆಗೆ ಮರಳಿದರೋ, ಲೆಕ್ಕ ಅಲ್ಲಾಹನಲ್ಲಿ ಉಂಟು. ಹೆನ್ರಿ ಪದ್ಧತಿ ಎಂದು ಪಾಠ ಮಾಡುವವರು ಇನ್ನು ಮುಂದೆ ಅದರ ಜೊತೆಗೆ ಖಾಝಿ ಅಝೀಝುಲ್ ಹಕ್, ಹೇಮಚಂದ್ರ ಬೋಸ್ ಎಂಬ ಎರಡು ಹೆಸರನ್ನೂ ಹೇಳಲಿ. ಅಲ್ಲಾಹನು ಹಕ್ ಸಾಹೇಬರ ಕಬರ್ ಜೀವನವನ್ನು ಬೆಳಗಿಸಲಿ. ಆಮೀನ್.